ಟೆಸ್ಲಾ ಸುರುಳಿ: ವೋಲ್ಟಿನ ಎತ್ತರವೂ ಕಂಡೆನ್ಸರಿನ ಹರವೂ

ಮನೆಯಲ್ಲಿಯೇ ಮಿಂಚನ್ನು ಸೃಷ್ಟಿಸಬೇಕೆಂಬ ಹವ್ಯಾಸಕ್ಕೆ ಮೂಲಪುರುಷನು ನಿಕೋಲಾ ಟೆಸ್ಲಾ. 1891ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿಯೂ, 1892ರಲ್ಲಿ ಲಂಡನ್ನಿನಲ್ಲಿಯೂ ಆತನು ತನ್ನ ಪ್ರಯೋಗಗಳನ್ನು ಪ್ರದರ್ಶಿಸಿದನು. ತಂತಿಯ ಸಂಬಂಧವಿಲ್ಲದೆ ಬೆಳಗಿದ ಗಾಜಿನ ಕೊಳವೆಗಳನ್ನು ಕಂಡು ವಿದ್ವಾಂಸರು ಬೆರಗಾದರು.

ಈ ಯಂತ್ರದ ರಚನೆ ಸರಳವಾದುದು. ಟ್ರಾನ್ಸ್‌ಫಾರ್ಮರು ವೋಲ್ಟನ್ನು ಏರಿಸುತ್ತದೆ. ಕಂಡೆನ್ಸರು ವಿದ್ಯುತ್ತನ್ನು ಕೂಡಿಡುತ್ತದೆ. ಅದು ತುಂಬಿದೊಡನೆ ಎರಡು ಲೋಹದ ಗುಂಡುಗಳ ನಡುವೆ ಕಿಡಿ ಹಾರಿ, ಕೂಡಿಟ್ಟುದೆಲ್ಲವೂ ಸುರುಳಿಯೊಳಕ್ಕೆ ನುಗ್ಗುತ್ತದೆ. ಇವುಗಳಲ್ಲಿ ವೋಲ್ಟು ಹೆಚ್ಚಿರಬೇಕೆ, ಕಂಡೆನ್ಸರು ದೊಡ್ಡದಿರಬೇಕೆ ಎಂಬುದೇ ಹವ್ಯಾಸಿಗಳ ಬಹುಕಾಲದ ಚರ್ಚೆ.

ವೋಲ್ಟನ್ನು ಕೆರೆಯ ನೀರಿನ ಎತ್ತರಕ್ಕೂ, ಕಂಡೆನ್ಸರಿನ ಗಾತ್ರವನ್ನು ಕೆರೆಯ ಹರವಿಗೂ ಹೋಲಿಸಬಹುದು. ಹರವು ಇಮ್ಮಡಿಯಾದರೆ ಶಕ್ತಿಯೂ ಇಮ್ಮಡಿ. ಎತ್ತರ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಹಾಗಾದರೆ ವೋಲ್ಟನ್ನೇ ಏರಿಸಬಾರದೇಕೆ? ಏರಿಸಿದರೆ ಕಂಡೆನ್ಸರಿನ ಗಾಜು ಸೀಳುತ್ತದೆ. ಅದನ್ನು ತಡೆಯಲು ಎರಡು ಲೇಡನ್ ಜಾಡಿಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಒಟ್ಟು ಗಾತ್ರ ಅರ್ಧಕ್ಕಿಳಿಯುತ್ತದೆ. ಗಾತ್ರವನ್ನು ಮೊದಲಿನಂತೆಯೇ ಉಳಿಸಬೇಕಾದರೆ ಒಂದು ಜಾಡಿಯ ಸ್ಥಾನದಲ್ಲಿ ನಾಲ್ಕು ಬೇಕು. ನಾಲ್ಮಡಿ ಶಕ್ತಿಗೆ ನಾಲ್ಮಡಿ ಗಾಜು! ಪ್ರಕೃತಿಯು ಏನನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ.

1899ರಲ್ಲಿ ಕೊಲರಾಡೊ ಸ್ಪ್ರಿಂಗ್ಸಿನಲ್ಲಿ ಮಹಾಯಂತ್ರವನ್ನು ನಿರ್ಮಿಸಿದಾಗ ಟೆಸ್ಲಾನೂ ಸೀಸೆಗಳಲ್ಲಿ ಉಪ್ಪುನೀರು ತುಂಬಿಯೇ ಕಂಡೆನ್ಸರುಗಳನ್ನು ಮಾಡಿಕೊಂಡನು. ಬಳಿಕ ಕಿಡಿಯಿಂದ ನಿಸ್ತಂತು ವಾರ್ತೆ ಕಳುಹಿಸುವ ಅಮೆರಿಕದ ಹವ್ಯಾಸಿಗಳು ಇದೇ ಬಗೆಯ ಮಂಡಲಗಳನ್ನು ಕಟ್ಟಿದರು. 1912ರ ಕಾನೂನು ಅವರನ್ನು 200 ಮೀಟರಿನೊಳಗಿನ ಅಲೆಗಳಿಗೂ, ಒಂದು ಕಿಲೋವಾಟ್ ಶಕ್ತಿಗೂ ಮಿತಿಗೊಳಿಸಿತು. ಕಂಡೆನ್ಸರು ದೊಡ್ಡದಾದಷ್ಟೂ ಅಲೆ ಉದ್ದವಾಗುತ್ತದೆ, 0.01 ಮೈಕ್ರೋಫ್ಯಾರಡ್ ಇಟ್ಟರೆ 200 ಮೀಟರಿಗೆ ಸುರುಳಿಯಲ್ಲಿ ಒಂದೆರಡು ಸುತ್ತುಗಳಿಗಷ್ಟೇ ಅವಕಾಶ. ಆದುದರಿಂದ ಹರವನ್ನು ಹಿಗ್ಗಿಸುವ ದಾರಿ ಮುಚ್ಚಿ, ಹವ್ಯಾಸಿಗಳು ಎತ್ತರದ ಕಡೆಗೇ ತಿರುಗಬೇಕಾಯಿತು.

ನಿಯಾನ್ ದೀಪದ ಫಲಕಗಳು ಬಳಕೆಗೆ ಬಂದ ಮೇಲೆ ಅವುಗಳ ಟ್ರಾನ್ಸ್‌ಫಾರ್ಮರು ಸುರುಳಿ ಕಟ್ಟುವವರ ಕೈಗೂ ದೊರೆಯಿತು. ಇಲ್ಲಿ ಲೆಕ್ಕ ಮತ್ತಷ್ಟು ಸ್ಪಷ್ಟವಾಗುತ್ತದೆ. ಸೆಕೆಂಡಿಗೆ 60 ಆವರ್ತಗಳ ವಿದ್ಯುತ್ತಿನಲ್ಲಿ, 15,000 ವೋಲ್ಟು 60 ಮಿಲಿಆಂಪಿಯರಿನ ಟ್ರಾನ್ಸ್‌ಫಾರ್ಮರಿಗೆ ಸುಮಾರು 0.0106 ಮೈಕ್ರೋಫ್ಯಾರಡ್ ಹೊಂದುತ್ತದೆ. 9,000 ವೋಲ್ಟು 30 ಮಿಲಿಆಂಪಿಯರಿನದಕ್ಕೆ ಸುಮಾರು 0.0088. ತುಂಬುವ ಕಾಲುವೆ ಸಣ್ಣದಾಗಿದ್ದು ಕೆರೆ ಅತಿ ದೊಡ್ಡದಾದರೆ ಕೋಡಿ ಹರಿಯುವುದೇ ಇಲ್ಲ. ಹೊಂದಿಕೆಯ ಅಳತೆಯಲ್ಲಿ ಬೇರೊಂದು ಭಯವಿದೆ: ಅನುರಣನದಿಂದ ವೋಲ್ಟು ಎಣಿಕೆಮೀರಿ ಏರಿ, ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗಬಹುದು. ಕಿಡಿಯ ಅಂತರವನ್ನು ಕಿರಿದಾಗಿಡುವುದು ಇದರ ರಕ್ಷಣೋಪಾಯ.

ಟೆಸ್ಲಾ ತನ್ನ ದೇಹದ ಮೂಲಕ ವಿದ್ಯುತ್ತನ್ನು ಹರಿಸಿ ತೋರಿದನೆಂಬ ಕೀರ್ತಿಯಿಂದ ಈ ಯಂತ್ರವು ನಿರಪಾಯಕರವೆಂಬ ಭ್ರಮೆ ಹಬ್ಬಿತು. ಅತಿವೇಗದ ಸ್ಪಂದನವುಳ್ಳ ವಿದ್ಯುತ್ತು ಕುಟುಕುವುದು ಕಡಿಮೆಯಾದರೂ ಒಳಗೆ ಸುಡಬಲ್ಲುದು. ಹಿಂದಿರುವ ಟ್ರಾನ್ಸ್‌ಫಾರ್ಮರಾದರೋ ಮುಟ್ಟಿದವನನ್ನು ಕೊಲ್ಲಬಲ್ಲುದು. ಗುಂಡಿಯನ್ನು ಆರಿಸಿದ ಮೇಲೆಯೂ ಕಂಡೆನ್ಸರು ತನ್ನ ಸಂಚಯವನ್ನು ಮರೆಯುವುದಿಲ್ಲ. ಆದುದರಿಂದ ಕಿಡಿಯ ಉದ್ದವನ್ನು ಅಳೆದು ಹಿಗ್ಗುವವನು, ಆ ಕಿಡಿಯ ಹಿಂದೆ ಕೂಡಿಟ್ಟಿರುವುದು ಎಷ್ಟೆಂಬುದನ್ನು ಮೊದಲು ಅಳೆಯತಕ್ಕದ್ದು.