ಹಲವು ಮಕ್ಕಳ ತಾಯಿಬೇರು

ಕುಂದಾಪುರದ ಕಡೆಯ ಹಾಡಿ, ಬೇಲಿಗಳಲ್ಲಿ ಮುಳ್ಳು ಚಾಚಿ ಹಬ್ಬುವ ಬಳ್ಳಿಯೊಂದಿದೆ. ಬುಡ ಅಗೆದರೆ ಬೆರಳುಗಾತ್ರದ ಬಿಳಿ ಗೆಡ್ಡೆಗಳು ಗೊಂಚಲಾಗಿ ಮೇಲೇಳುತ್ತವೆ. ಪಂಡಿತರು ಇದನ್ನು ಶತಾವರಿ ಎಂದರು. ಕನ್ನಡದ ಜನ ಇಟ್ಟ ಹೆಸರು ಹಲವು ಮಕ್ಕಳ ತಾಯಿಬೇರು. ಎದೆಹಾಲು ಕಡಿಮೆಯಾದ ಬಾಣಂತಿಗೆ, ಮಕ್ಕಳಾಗದವಳಿಗೆ, ಮುಟ್ಟು ಏರುಪೇರಾದವಳಿಗೆ, ಬೇಗನೆ ನಿಂತವಳಿಗೆ ಹಾಲಿನ ಜೊತೆ ಕೊಡುತ್ತಿದ್ದ ಬೇರು ಇದು. ಆ ಹೆಸರಿನಲ್ಲೇ ಒಂದು ಆಸೆ ಕೂತಿದೆ.

1801ರಲ್ಲಿ ಕಂಪನಿ ಸರ್ಕಾರದ ವೈದ್ಯ ಫ್ರಾನ್ಸಿಸ್ ಬುಕಾನನ್ ಬ್ರಹ್ಮಾವರ, ಕುಂದಾಪುರ, ಬೈಂದೂರುಗಳನ್ನು ಹಾದು ಉತ್ತರಕ್ಕೆ ಹೋದ. ಅವನ ಗಮನವೆಲ್ಲ ಗದ್ದೆ, ಕಂದಾಯ, ಮರಗಿಡಗಳ ಮೇಲೆ. ಮೂವತ್ತೈದಕ್ಕೇ ಮುಟ್ಟು ನಿಂತವಳು ಯಾವ ಕಷಾಯ ಕುಡಿಯುತ್ತಿದ್ದಳು ಎಂಬುದು ಪರವೂರ ಗಂಡಸಿನ ಮುಂದೆ ಆಡುವ ಮಾತೇ ಆಗಿರಲಿಲ್ಲ. ಅತ್ತೆಯಿಂದ ಸೊಸೆಗೆ, ಸೂಲಗಿತ್ತಿಯಿಂದ ಬಾಣಂತಿಗೆ ಪಿಸುಮಾತಿನಲ್ಲಿ ದಾಟಿದ ಈ ತಿಳಿವಳಿಕೆಯ ಚರಿತ್ರೆಯನ್ನು ಗಿಡದ ಹೆಸರಿನಲ್ಲಿ, ಅಡುಗೆಮನೆಯ ಡಬ್ಬಿಗಳಲ್ಲಿ ಹುಡುಕಬೇಕು.

ಸುಶ್ರುತ ಸಂಹಿತೆ ಮುಟ್ಟಿನ ಆಯುಸ್ಸನ್ನು ಹನ್ನೆರಡರಿಂದ ಐವತ್ತರವರೆಗೆ ಎಂದು ಹಾಕಿದೆ. ನಡುವೆ ನಿಂತರೆ ಅದು ನಷ್ಟಾರ್ತವ. ದೋಷಗಳು ದಾರಿ ಮುಚ್ಚಿರುವುದರಿಂದ ರಕ್ತ ಕಾಣಿಸುವುದಿಲ್ಲ ಎಂಬುದು ಅದರ ವಿವರಣೆ. ಅದು ಹೇಳುವ ಪಥ್ಯ ನೋಡಿ: ಮೀನು, ಹುರುಳಿ, ಎಳ್ಳು, ಉದ್ದು, ಹುಳಿ, ಮೊಸರು, ನೀರುಮಜ್ಜಿಗೆ. ಕೋಟದಿಂದ ಶಿರೂರಿನವರೆಗಿನ ಯಾವ ಮನೆಯಲ್ಲಿ ಇವಿಲ್ಲ? ಮಳೆಗಾಲದ ಭತ್ತ ಕೊಯ್ದ ಗದ್ದೆಗೆ ಇಲ್ಲಿ ಬಿತ್ತುವುದೇ ಉದ್ದು, ಹುರುಳಿ. ಮೀನು ತಿನ್ನುವ ಮನೆಯಲ್ಲಿ ಬಂಗುಡೆಯ ಹುಳಿಗಸಿ, ತಿನ್ನದ ಮನೆಯಲ್ಲಿ ಹುರುಳಿ ಸಾರು. ಶಾಸ್ತ್ರ ಓದದವಳ ಒಲೆಯ ಮೇಲೂ ಶಾಸ್ತ್ರದ ಮದ್ದು ಬೇಯುತ್ತಿತ್ತು. ಮೈನೆರೆದ ಹುಡುಗಿಗೆ ಎಳ್ಳುಬೆಲ್ಲದ ಉಂಡೆ, ಬಾಣಂತಿಗೆ ಮೆಂತೆ ಗಂಜಿ ಕೊಡುವ ಕೈಯೇ ಮುಟ್ಟು ನಿಂತವಳಿಗೂ ಅವನ್ನೇ ನೀಡುವುದು ಸಹಜ.

ಅಶೋಕದ ತೊಗಟೆಯ ದಾರಿ ಬೇರೆ. ಅದು ಅತಿಯಾಗಿ ಹೋಗುವ ರಕ್ತವನ್ನು ತಡೆಯಲೆಂದು ಹೇಳಿದ ಮದ್ದು. ಹೆಂಗಸರ ಯಾವ ತೊಂದರೆಗೂ ಅಶೋಕಾರಿಷ್ಟದ ಬಾಟಲಿ ತರುವ ಅಭ್ಯಾಸ ಬೆಳೆದದ್ದು ಹೆಂಗಸಿಗೂ ಒಳ್ಳೆಯದಾಗಲಿಲ್ಲ, ಮರಕ್ಕೂ ಆಗಲಿಲ್ಲ. ಪಶ್ಚಿಮ ಘಟ್ಟದ ಹೊಳೆಬದಿಯ ಈ ಮರ ಇಂದು ಅಪಾಯದಂಚಿನ ಪಟ್ಟಿಯಲ್ಲಿದೆ. ತೊಗಟೆಯ ವ್ಯಾಪಾರದಲ್ಲಿ ಕಂಬದ ಅಶೋಕವನ್ನು ಬೆರೆಸುವುದೂ ಉಂಟು.

ಮಕ್ಕಳಾಗುವ ಮೊದಲೇ ಮುಟ್ಟು ನಿಂತರೆ ಊರು ಬಳಸುತ್ತಿದ್ದ ಪದ ಒಂದೇ, ಬಂಜೆ. ಆಗ ಬೇರಿನ ಜೊತೆ ನಾಗನೂ ಬರುತ್ತಿದ್ದ. ಕರಾವಳಿಯಲ್ಲಿ ಸಂತಾನವಿಲ್ಲದ್ದಕ್ಕೆ ನಾಗದೋಷ ಕಾರಣವೆಂಬ ನಂಬಿಕೆ ಗಟ್ಟಿ. ಆಶ್ಲೇಷಾ ಬಲಿ, ಅನುಕೂಲಸ್ಥರ ಮನೆಯಲ್ಲಿ ನಾಗಮಂಡಲ. ದೋಷ ನಾಗಬನದ್ದಾದರೂ ಬೆರಳು ತೋರಿಸುತ್ತಿದ್ದದ್ದು ಅವಳ ಕಡೆಗೇ.

ಮುಟ್ಟು ನಿಂತವಳಿಗೂ ಮಕ್ಕಳನ್ನು ಕೊಡುತ್ತದೆಂಬ ಹೆಸರು ಬೇರುಮದ್ದಿಗೆ ಬಂದದ್ದು ಹೇಗೆ? ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1942ರಲ್ಲಿ ವಿವರಿಸಿದ ಅಂಡಾಶಯದ ಕೊರತೆಯಲ್ಲಿ ಇದಕ್ಕೆ ಉತ್ತರದ ಎಳೆ ಸಿಗುತ್ತದೆ. ನಲವತ್ತರೊಳಗೆ ಅಂಡಾಶಯ ಸೋತರೂ ಅದು ಒಮ್ಮೆಲೇ ಆರುವುದಿಲ್ಲ. ಅನೇಕರಲ್ಲಿ ನಡುನಡುವೆ ಎಚ್ಚರಗೊಳ್ಳುತ್ತದೆ. ನೂರರಲ್ಲಿ ಐದರಿಂದ ಹತ್ತು ಹೆಂಗಸರು ಚಿಕಿತ್ಸೆಯಿಲ್ಲದೆಯೇ ಬಸಿರಾಗುತ್ತಾರೆ. ಆ ತಿಂಗಳು ತಾಯಿಬೇರು ಕುಡಿದಿದ್ದರೆ ಕೀರ್ತಿ ಬೇರಿಗೆ. ಕೊಟ್ಟ ಅಜ್ಜಿ ಮೋಸ ಮಾಡಿರಲಿಲ್ಲ, ಕಂಡದ್ದನ್ನೇ ಹೇಳಿದ್ದಳು.

ಮೆಂತೆಯಲ್ಲಿ ಡಯೋಸ್ಜೆನಿನ್ ಎಂಬ ಅಂಶವಿದೆ. ಅದನ್ನೇ ಮೆಕ್ಸಿಕೊದ ಕಾಡುಗೆಣಸಿನಿಂದ ತೆಗೆದು 1940ರ ದಶಕದಲ್ಲಿ ರಸಾಯನ ವಿಜ್ಞಾನಿ ರಸೆಲ್ ಮಾರ್ಕರ್ ಪ್ರೊಜೆಸ್ಟೆರಾನ್ ತಯಾರಿಸಿದ. ಆದರೆ ಆ ರೂಪಾಂತರ ಆದದ್ದು ಪ್ರಯೋಗಶಾಲೆಯ ಪಾತ್ರೆಯಲ್ಲಿ. ನಮ್ಮ ದೇಹಕ್ಕೆ ಆ ಕೆಲಸ ಬರುವುದಿಲ್ಲ. ಮೆಂತೆ ಗಂಜಿ ಒಳ್ಳೆಯ ಆಹಾರ, ಹಾರ್ಮೋನಿನ ಬದಲಿ ಅಲ್ಲ.

ಉಡುಪಿಯಲ್ಲಿ 1923ರಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ಆಸ್ಪತ್ರೆ ತೆರೆದರು. 1953ರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಬಂತು. ಹೆರಿಗೆ ಕ್ರಮೇಣ ಮನೆಯಿಂದ ಆಸ್ಪತ್ರೆಗೆ ಹೋಯಿತು. ಮುಟ್ಟು ನಿಂತ ಮಾತು ಮಾತ್ರ ಬಹುಕಾಲ ಮನೆಯೊಳಗೇ ಉಳಿಯಿತು. ಬೇಗ ನಿಂತರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಅಪಾಯ ಹೆಚ್ಚುತ್ತದೆ ಎಂಬುದು ತಿಳಿಯದೆ, ಕಷಾಯ ಕುಡಿದು ಕಾಯುವುದರಲ್ಲೇ ವರ್ಷಗಳು ಕಳೆದುಹೋಗಬಹುದು.

ಈಗಿನ ವೈದ್ಯರು ಇಂಥವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಹಾರ್ಮೋನ್ ಕೊಡುತ್ತಾರೆ. ಸುಮಾರು ಐವತ್ತು ವರ್ಷದವರೆಗೆ, ಸುಶ್ರುತ ಗೆರೆ ಎಳೆದ ಅದೇ ವಯಸ್ಸಿನವರೆಗೆ. ಮೂಳೆಗೆಂದು ಅವರು ಬರೆದುಕೊಡುವ ಊಟದ ಪಟ್ಟಿಯಲ್ಲಿ ಎಳ್ಳು, ಮೀನು, ಮೊಸರು ಈಗಲೂ ಇವೆ.