ಬೀಗ ಹಾಕಿದ ದಿನಗಳು ಮತ್ತು ಲೆಕ್ಕಕ್ಕೆ ಸಿಗದ ಮಕ್ಕಳು



ಧರ್ಮಪುರಿ ಪಕ್ಕದ ಅದಿಯಮಾನ್‌ಕೋಟೆ ಎಂದಾಗ ನಮಗೆ ನೆನಪಾಗುವುದು ನೆಲ್ಲಿಕಾಯಿಯ ಕಥೆ. ಆಯುಷ್ಯ ಹೆಚ್ಚಿಸುವ ಅಪರೂಪದ ನೆಲ್ಲಿಕಾಯಿಯನ್ನು ದೊರೆ ಅದಿಯಮಾನ್ ತಾನು ತಿನ್ನದೆ ಕವಯಿತ್ರಿ ಔವೈಯಾರ್‌ಗೆ ಕೊಟ್ಟನಂತೆ. ದೊರೆಯ ತ್ಯಾಗ ಕಥೆಯಾಗಿ ಉಳಿಯಿತು. ತಮ್ಮ ಆಯುಷ್ಯವನ್ನೇ ಮಗುವಿಗಾಗಿ ಸವೆಸುವ ತಾಯಂದಿರ ಕಥೆಯನ್ನು ಬರೆದಿಡುವವರು ಕಡಿಮೆ.

1918ರಲ್ಲಿ ಇನ್‌ಫ್ಲುಯೆಂಜಾ ಬಂದಾಗ ಧರ್ಮಪುರಿ ಇನ್ನೂ ಸೇಲಂ ಜಿಲ್ಲೆಯಲ್ಲಿತ್ತು. ಬೇರೆ ಜಿಲ್ಲೆಯಾದದ್ದು 1965ರಲ್ಲಿ. ಆ ಜ್ವರಕ್ಕೆ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಬಲಿಯಾದರು. ಬೆಳವಣಿಗೆಯ ತೊಂದರೆ ಇದ್ದ ಮಕ್ಕಳು ಆಗ ಹೇಗಿದ್ದರು? ಅಂದಿನ ಜನಗಣತಿಯಲ್ಲಿ ಹುಚ್ಚು, ಕಿವುಡು-ಮೂಕತನ, ಕುರುಡು, ಕುಷ್ಠ ಎಂಬ ನಾಲ್ಕೇ ಕಲಮುಗಳಿದ್ದವು. ಲಿಯೋ ಕ್ಯಾನರ್ ಎಂಬ ವೈದ್ಯರು ಅಮೆರಿಕದಲ್ಲಿ ಆಟಿಸಂ ಬಗ್ಗೆ ಬರೆದದ್ದು 1943ರಲ್ಲಿ. ಹೆಸರೇ ಇಲ್ಲದಿದ್ದ ಆ ಮಕ್ಕಳ ಇತಿಹಾಸವೂ ನಮ್ಮ ಕೈಗೆ ಬರಲಿಲ್ಲ.

2020ರಲ್ಲಿ ಹಾಗಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ, ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿ ಸೇರಿ 21 ಬಗೆಯ ತೊಂದರೆಗಳನ್ನು ಹೆಸರಿಸಿದೆ. ಆಪತ್ತಿನ ಕಾಲದಲ್ಲಿ ಇವರಿಗೆ ಸಮಾನ ರಕ್ಷಣೆ ಸಿಗಬೇಕು ಎಂದು ಅದರ 8ನೇ ಸೆಕ್ಷನ್ ಹೇಳುತ್ತದೆ. ಮಾರ್ಚ್ 25ರಂದು ಲಾಕ್‌ಡೌನ್ ಶುರುವಾಯಿತು. ಮರುದಿನವೇ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿ, ಆರೈಕೆ ಮಾಡುವವರಿಗೆ ಓಡಾಡಲು ಪಾಸ್ ಕೊಡಬೇಕೆಂದಿತು.

ಕಾಗದದಲ್ಲಿ ಎಲ್ಲವೂ ಇತ್ತು. ಮನೆಯಲ್ಲಿ?

ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ದಿನಚರಿಯೇ ಊರುಗೋಲು. ಅದೇ ಹೊತ್ತು, ಅದೇ ವ್ಯಾನು, ಅದೇ ಟೀಚರ್. ಅದು ಒಂದೇ ರಾತ್ರಿಯಲ್ಲಿ ಮುರಿದರೆ ಮಗುವಿಗೆ ಕಾರಣ ತಿಳಿಯುವುದಿಲ್ಲ. ಅದು ನಿದ್ದೆಗೆಡುತ್ತದೆ, ಕಿರುಚುತ್ತದೆ, ಕಲಿತ ಮಾತನ್ನೂ ಬಿಡಬಹುದು. ಮಾಸ್ಕ್ ಮೈಗೆ ಒಗ್ಗುವುದಿಲ್ಲ. ತಮಿಳುನಾಡಿನಲ್ಲಿ ಒಂದರಿಂದ ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಶಾಲೆ ತೆರೆದದ್ದು 2021ರ ನವೆಂಬರ್ 1ಕ್ಕೆ. ಹತ್ತೊಂಬತ್ತು ತಿಂಗಳು! ಚಿಕ್ಕ ಮಗುವಿನ ಬೆಳವಣಿಗೆಯಲ್ಲಿ ಅದು ಸಣ್ಣ ಅವಧಿಯಲ್ಲ.

ಅದಿಯಮಾನ್‌ಕೋಟೆಯಿಂದ ಪಾಲಕ್ಕೋಡು, ರಾಯಕೋಟೆ, ಹೊಸೂರು ದಾಟಿ ಬೆಂಗಳೂರಿಗೆ ರಸ್ತೆಯಿದೆ. ನಿಮ್ಹಾನ್ಸ್‌ಗೆ ಹೋಗುವವರಿಗೆ ಅದೇ ಆಸ್ಪತ್ರೆಯ ದಾರಿ. ಬಸ್ಸು ನಿಂತು, ರಾಜ್ಯದ ಗಡಿಗೆ ಇ-ಪಾಸ್ ಬಂದಾಗ, ಹತ್ತಿರದ ಬೆಂಗಳೂರು ದೂರವಾಯಿತು. ಫೋನಿನಲ್ಲಿ ತರಬೇತಿ ಸಿಕ್ಕವರಿಗೂ ಕಷ್ಟ ತಪ್ಪಲಿಲ್ಲ: ತೆರೆಯ ಮೇಲಿನ ಟೀಚರ್ ಹೇಳಿಕೊಡಬಹುದು, ಮಗುವಿನ ಕೈ ಹಿಡಿಯಬೇಕಾದವಳು ತಾಯಿ. ಅಡುಗೆ, ನಿಂತುಹೋದ ಕೂಲಿ, ಸೋಂಕಿನ ಭಯ, ಇವೆಲ್ಲದರ ನಡುವೆ ಅವಳೇ ಟೀಚರ್, ಅವಳೇ ನರ್ಸ್. "ನನಗೇನಾದರೂ ಆದರೆ ಈ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?" ಎಂಬ ಪ್ರಶ್ನೆಗೆ ಯಾವ ಹೆಲ್ಪ್‌ಲೈನ್‌ನಲ್ಲೂ ಸುಲಭದ ಉತ್ತರ ಇರಲಿಲ್ಲ. ಆರೈಕೆ ಮಾಡುವವರ ಭತ್ಯೆಯ ಮಾತು 2016ರ ಕಾಯ್ದೆಯಲ್ಲೇ ಇದೆ. ಅದು ಎಷ್ಟು ಮನೆಗಳನ್ನು ತಲುಪಿದೆ ಎಂದು ನಾವು ನಮ್ಮ ಬೀದಿಯಲ್ಲೇ ಕೇಳಿ ನೋಡಬಹುದು.

ಗೆಳೆಯರೇ, 1918ರ ಮಕ್ಕಳನ್ನು ಇತಿಹಾಸ ಕಳೆದುಕೊಂಡಿತು, ಆಗ ಹೆಸರಿರಲಿಲ್ಲ. 2020ರ ಮಕ್ಕಳನ್ನೂ ಕಳೆದುಕೊಂಡರೆ ನಮಗೆ ಆ ನೆಪವಿಲ್ಲ. ಆ ತಾಯಂದಿರು ನಮ್ಮ ನಡುವೆಯೇ ಇದ್ದಾರೆ. ಈ ಭಾನುವಾರ ಒಂದು ಮನೆಗೆ ಹೋಗೋಣ. ಅವರು ಒಪ್ಪಿದರೆ ಆ ದಿನಗಳ ಮಾತು ಕೇಳಿ ಬರೆದುಕೊಳ್ಳೋಣ. ಒಂದೆರಡು ಗಂಟೆ ಮಗುವಿನ ಜೊತೆ ನಾವಿದ್ದು, ತಾಯಿಗೆ ಬಿಡುವು ಕೊಡೋಣ.