ಕಿವಿರಿನಲ್ಲಿ ಬಂದ ಸಾವು

ಮಧ್ಯ ಏಷ್ಯಾದ ಅರಲ್ ಸಮುದ್ರ ಎಂದರೆ ಈಗ ನೆನಪಾಗುವುದು ಮರಳಿನಲ್ಲಿ ತುಕ್ಕು ಹಿಡಿದು ನಿಂತ ದೋಣಿಗಳು. 1960ರ ನಂತರ ನದಿಗಳ ನೀರನ್ನು ಹತ್ತಿ ಹೊಲಗಳಿಗೆ ತಿರುಗಿಸಿದ್ದರಿಂದ ಅದು ಬತ್ತಿತು. ಆದರೆ ನೀರು ತುಂಬಿದ್ದ ಕಾಲದಲ್ಲೇ ಅಲ್ಲಿನ ಬೆಲೆಬಾಳುವ ಮೀನೊಂದಕ್ಕೆ ಕೇಡು ತಗುಲಿತ್ತು.

ಆ ಮೀನನ್ನು ರಷ್ಯನ್ನರು ಶಿಪ್ ಎನ್ನುತ್ತಾರೆ, ಸ್ಟರ್ಜನ್ ಕುಲದ್ದು. ಅದರ ಮಾಂಸಕ್ಕೂ ಬೇಡಿಕೆ, ಕ್ಯಾವಿಯರ್ ಆಗುವ ಮೊಟ್ಟೆಗೂ ಬೇಡಿಕೆ. ಇನ್ನೊಂದು ಬಗೆಯ ಸ್ಟರ್ಜನ್ ಇದ್ದರೆ ಹಿಡುವಳಿ ಹೆಚ್ಚೀತೆಂದು ಸೋವಿಯತ್ ಅಧಿಕಾರಿಗಳು 1930ರ ದಶಕದಲ್ಲಿ ಕ್ಯಾಸ್ಪಿಯನ್ ಸಮುದ್ರದಿಂದ ಸೆವ್ರೂಗಾ ಮೀನನ್ನು ತಂದು ಬಿಟ್ಟರು. ಅದರ ಕಿವಿರಿಗೆ ಅಂಟಿಕೊಂಡು ನಿಟ್ಜ್‌ಶಿಯಾ ಎಂಬ ಚಪ್ಪಟೆ ಹುಳುವೂ ಬಂತು.

ಕ್ಯಾಸ್ಪಿಯನ್ ಮೀನುಗಳು ಈ ಹುಳುವಿನ ಜೊತೆ ಬದುಕಿ ಒಗ್ಗಿಹೋಗಿದ್ದವು. ಅರಲ್‌ನ ಶಿಪ್ ಅದನ್ನು ಕಂಡೇ ಇರಲಿಲ್ಲ. ಹುಳು ಬೆಳೆಯಲು ನಡುವೆ ಬೇರೊಂದು ಪ್ರಾಣಿಯ ಆಸರೆಯೂ ಬೇಕಿಲ್ಲ. ಮೊಟ್ಟೆಯೊಡೆದು ಬಂದ ಮರಿ ಈಜಿಕೊಂಡು ನೇರವಾಗಿ ಮತ್ತೊಂದು ಮೀನನ್ನು ಹಿಡಿಯುತ್ತದೆ. ಒಂದೊಂದು ಶಿಪ್‌ನ ಮೇಲೂ ನೂರಾರು ಹುಳುಗಳು ಸೇರಿ, ಉಸಿರಾಡುವ ಅಂಗವೇ ಕೆಟ್ಟಿತು. 1936ರಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತವು. ಮರುವರ್ಷ ಡೋಗೆಲ್ ಮತ್ತು ಲುಟ್ಟಾ ಎಂಬ ವಿಜ್ಞಾನಿಗಳು ಈ ಸಾವಿನ ಕಾರಣವನ್ನು ಪ್ರಕಟಿಸಿದರು.

ಇಷ್ಟಾಗಿಯೂ ಸೆವ್ರೂಗಾ ಅರಲ್‌ನಲ್ಲಿ ನೆಲೆಯೂರಲಿಲ್ಲ. ಮೀನು ಬರಲಿಲ್ಲ, ಅದರ ಹುಳು ಉಳಿಯಿತು. ಒಂದು ನೀರಿನ ಮೀನನ್ನು ಇನ್ನೊಂದು ನೀರಿಗೆ ಬಿಡುವ ಮೊದಲು ಕೆಲಕಾಲ ಬೇರೆಯಾಗಿಟ್ಟು, ಕಿವಿರು ಬಿಡಿಸಿ ನೋಡಬೇಕೇಕೆ ಎಂದು ವಿವರಿಸಲು ತಜ್ಞರು ಇಂದಿಗೂ ಈ ಕತೆಯನ್ನು ಹೇಳುತ್ತಾರೆ.